ಅಜ್ಜನ ಮರೆವು ಬೀದಿಗೂ ಗೊತ್ತಿರಲಿ

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಆಗಾಗ ಒಂದು ಪುಟ್ಟ ಪ್ರಕಟಣೆ ಇರುತ್ತದೆ. ಪಕ್ಕದಲ್ಲಿ ಮಸುಕು ಫೋಟೊ. ‘ಕಾಣೆಯಾಗಿದ್ದಾರೆ. ವಯಸ್ಸು 74. ಬಿಳಿ ಪಂಚೆ, ನೀಲಿ ಗೆರೆಯ ಅಂಗಿ. ಕನ್ನಡ, ತೆಲುಗು ಮಾತನಾಡುತ್ತಾರೆ. ಮರೆವಿನ ಕಾಯಿಲೆ ಇದೆ. ಸುಳಿವು ಸಿಕ್ಕವರು ಠಾಣೆಗೆ ತಿಳಿಸಿ.’ ಈಗೀಗ ಇಂಥದ್ದೇ ಸಂದೇಶ ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿಗೂ ಬರುತ್ತದೆ.

ಹೀಗೆ ಕಾಣೆಯಾದವರು ಗಾಳಿಯಲ್ಲಿ ಕರಗಿ ಹೋಗಿರುವುದಿಲ್ಲ. ಬಾಗಿಲು ತೆಗೆದು ಹಾಡಹಗಲೇ ಬೀದಿಯಲ್ಲಿ ನಡೆದು ಹೋಗಿರುತ್ತಾರೆ. ಹೂ ಮಾರುವವರು ನೋಡಿರುತ್ತಾರೆ. ಬೀಡಾ ಅಂಗಡಿಯವರು ನೋಡಿರುತ್ತಾರೆ. ಬಸ್ಸಿನ ಕಂಡಕ್ಟರ್ ಟಿಕೆಟ್ಟೂ ಹರಿದುಕೊಟ್ಟಿರಬಹುದು. ಯಾರಿಗೂ ಏನೂ ಅನ್ನಿಸಿರುವುದಿಲ್ಲ. ಯಾಕೆಂದರೆ ಕಾಯಿಲೆಯ ಸಂಗತಿ ಮನೆಯ ಹೊಸ್ತಿಲು ದಾಟಿಯೇ ಇರುವುದಿಲ್ಲ.

ಡಿಮೆನ್ಶಿಯಾ, ಅಂದರೆ ಈ ಮರೆವಿನ ಕಾಯಿಲೆ, ಇರುವವರಿಗೆ ಸಮುದಾಯದ ಬೆಂಬಲ ಅಂದ ಕೂಡಲೇ ನಮಗೆ ದೊಡ್ಡ ಆಸ್ಪತ್ರೆ, ಟ್ರಸ್ಟು, ಸೆಪ್ಟೆಂಬರ್ 21ರ ವಿಶ್ವ ಅಲ್ಜೈಮರ್ ದಿನದ ಜಾಥಾ ನೆನಪಾಗುತ್ತವೆ. ಅವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅದಕ್ಕಿಂತ ಮುಂಚೆ, ಅದಕ್ಕಿಂತ ಅಗ್ಗದಲ್ಲಿ ಆಗುವ ಕೆಲಸ ಒಂದಿದೆ. ಆ ಮನೆಯ ಸುತ್ತಲಿನ ಹತ್ತು ಜನಕ್ಕೆ ವಿಷಯ ಗೊತ್ತಿರುವುದು. ಅದರಿಂದ ನಿಜಕ್ಕೂ ಏನು ಬದಲಾಗುತ್ತದೆ ಅಂತ ತಿಳಿಯಬೇಕಾದರೆ, ಈ ಕಾಯಿಲೆ ತಲೆಯೊಳಗೆ ಏನು ಮಾಡುತ್ತದೆ ಅಂತ ಸ್ವಲ್ಪ ನೋಡಬೇಕು.

ಮೊದಲು ಹೋಗುವುದು ಇವತ್ತು

ಡಿಮೆನ್ಶಿಯಾ ಅನ್ನುವುದು ಒಂದೇ ಕಾಯಿಲೆಯಲ್ಲ. ನೆನಪು, ಮಾತು, ಲೆಕ್ಕ, ದಾರಿಯ ಗುರುತು, ಸರಿ ತಪ್ಪು ತೂಗಿ ನೋಡುವುದು, ಇವು ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟು ಕುಂದುತ್ತಾ ಹೋದರೆ ಆ ಸ್ಥಿತಿಗೆ ಡಿಮೆನ್ಶಿಯಾ ಎನ್ನುತ್ತಾರೆ. ಅದನ್ನು ತರುವ ಕಾಯಿಲೆಗಳು ಹಲವು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನೂರರಲ್ಲಿ 60ರಿಂದ 70 ಜನರಿಗೆ ಅದು ಅಲ್ಜೈಮರ್ ಕಾಯಿಲೆಯಿಂದ ಬಂದಿರಬಹುದು. ಮೆದುಳಿನ ರಕ್ತನಾಳಗಳು ಕೆಟ್ಟು ಬರುವುದು ಇನ್ನೊಂದು ಬಗೆ. ಬಿಪಿ, ಶುಗರ್ ಮನೆಮನೆಯಲ್ಲೂ ಇರುವ ನಮ್ಮಲ್ಲಿ ಇದೇನೂ ಅಪರೂಪವಲ್ಲ. ಮತ್ತೊಂದು ಬಗೆಯಲ್ಲಿ ನೆನಪು ಚೆನ್ನಾಗಿಯೇ ಇದ್ದು ನಡತೆ ಮೊದಲು ಬದಲಾಗುತ್ತದೆ. ಮರ್ಯಾದೆಯ ಮನುಷ್ಯ ಇದ್ದಕ್ಕಿದ್ದಂತೆ ಒರಟಾಗುತ್ತಾರೆ, ನಾಲ್ಕು ಜನರ ಮುಂದೆ ಆಡಬಾರದ ಮಾತು ಆಡುತ್ತಾರೆ. ಇದು ಐವತ್ತರ ಆಸುಪಾಸಿನಲ್ಲೂ ಬರಬಹುದು. ಅಂಥವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗುವ ಬದಲು ‘ಕೆಟ್ಟುಹೋದ’ ಅಂತ ಊರು ತೀರ್ಪು ಕೊಟ್ಟುಬಿಡುತ್ತದೆ.

‘ಅರವತ್ತಕ್ಕೆ ಅರಳುಮರಳು’ ಅಂತ ನಾವು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದೇವೆ. ವಯಸ್ಸಾದರೆ ಹೀಗೇ, ಇದಕ್ಕೆ ಮದ್ದೇನು ಅನ್ನುವುದು ಅದರ ಹಿಂದಿನ ಧೋರಣೆ. ಆದರೆ ಅಲೋಯಿಸ್ ಅಲ್ಜೈಮರ್ ಎಂಬ ಜರ್ಮನ್ ವೈದ್ಯರು 1906ರಲ್ಲಿ ವಿವರಿಸಿದ ಮೊದಲ ರೋಗಿ ಮುದುಕಿಯೇ ಅಲ್ಲ. ಆಸ್ಪತ್ರೆ ಸೇರಿದಾಗ ಆಕೆಗೆ 51 ವರ್ಷ. ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನರಕೋಶಗಳ ನಡುವೆ ಗಡ್ಡೆಗಟ್ಟಿದ ಪದಾರ್ಥ, ಒಳಗೆ ಸಿಕ್ಕುಸಿಕ್ಕಾದ ಎಳೆಗಳು ಕಂಡವು. ವಯಸ್ಸು ಜಾಸ್ತಿಯಾದಷ್ಟೂ ಈ ಕಾಯಿಲೆ ಬರುವ ಸಾಧ್ಯತೆ ಹೆಚ್ಚು, ನಿಜ. ಆದರೂ ಇದು ಕಾಯಿಲೆಯೇ ಹೊರತು ವಯಸ್ಸಲ್ಲ.

ಅಲ್ಜೈಮರ್ ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೆ. ಹೊಸ ನೆನಪು ಕೂರಿಸುವ ಕೆಲಸ ಅದರದ್ದು. ಲೆಕ್ಕದ ಪುಸ್ತಕದಲ್ಲಿ ಹಳೆಯ ಪುಟಗಳು ಹಾಗೇ ಇವೆ, ಇವತ್ತಿನ ಪುಟಕ್ಕೆ ಮಾತ್ರ ಶಾಯಿ ಹಿಡಿಯುತ್ತಿಲ್ಲ ಅಂದುಕೊಳ್ಳಿ. ಅದಕ್ಕೇ ಬೆಳಿಗ್ಗೆ ತಿಂಡಿ ತಿಂದಿದ್ದು ಗೊತ್ತಿಲ್ಲ, ಹೈಸ್ಕೂಲಿನ ಮೇಷ್ಟ್ರ ಹೆಸರು ಗೊತ್ತು. ‘ಬೇಕಾದ್ದು ಮಾತ್ರ ನೆನಪಿರುತ್ತೆ ಇವರಿಗೆ’ ಅಂತ ಮನೆಯವರು ಸಿಟ್ಟಾಗುವುದು ಇಲ್ಲೇ. ಇದರಲ್ಲಿ ನಾಟಕವೇನೂ ಇಲ್ಲ.

ಈ ಒಂದು ವಿಷಯ ಹಿಡಿದುಕೊಂಡರೆ ಮುಂದಿನ ವಿಚಿತ್ರಗಳೆಲ್ಲ ಅರ್ಥವಾಗುತ್ತಾ ಹೋಗುತ್ತವೆ. ಸ್ವಂತ ಮನೆಯ ಜಗಲಿಯಲ್ಲಿ ಕೂತು ‘ಹೊತ್ತಾಯ್ತು, ಮನೆಗೆ ಹೋಗ್ಬೇಕು’ ಅನ್ನುವ ಅಜ್ಜಿಗೆ ಹುಚ್ಚಲ್ಲ. ಈ ಮನೆಗೆ ಬಂದ ಮೂವತ್ತು ವರ್ಷ ಮಸುಕಾಗಿವೆ. ಆಕೆ ಕೇಳುತ್ತಿರುವುದು ತವರಿನ ಮನೆಯನ್ನು. ಸಂಜೆಯಾಗುತ್ತಿದ್ದಂತೆ ಈ ಕಳವಳ ಜಾಸ್ತಿಯಾಗುವುದು ಬಹಳ ಮನೆಗಳ ಅನುಭವ. ಹಾಗೆಯೇ, ನಿವೃತ್ತಿಯಾಗಿ ಹದಿನೈದು ವರ್ಷವಾದ ಮೇಲೂ ಬೆಳಿಗ್ಗೆ ಒಂಬತ್ತಕ್ಕೆ ಚೀಲ ಹಿಡಿದು ಹೊರಡುವ ತಾತ ದಾರಿ ತಪ್ಪಿದವರಲ್ಲ. ಅವರ ಪಾಲಿಗೆ ಡ್ಯೂಟಿಗೆ ಹೊರಟಿದ್ದಾರೆ. ಇಂಥವರಿಗೆ ಹೋಗುವ ಜಾಗ ಅಂತ ಒಂದಿರುತ್ತದೆ. ಹಾಗಾಗಿ ಕಾಣೆಯಾದಾಗ ಮೊದಲು ಹುಡುಕಬೇಕಾದ್ದು ಹಳೇ ಮನೆ, ಹಳೇ ಆಫೀಸು, ದಿನಾ ಹೋಗುತ್ತಿದ್ದ ದೇವಸ್ಥಾನ, ಹುಟ್ಟೂರಿನ ಬಸ್ಸು ನಿಲ್ಲುವ ಜಾಗ.

ಇನ್ನೊಂದು, ಮನೆಗಳನ್ನೇ ಒಡೆಯುವಂಥದ್ದು. ಬಳೆಯನ್ನೋ ದುಡ್ಡನ್ನೋ ಜೋಪಾನವಾಗಿ ಎಲ್ಲೋ ಇಡುತ್ತಾರೆ. ಇಟ್ಟಿದ್ದು ಮರೆತುಹೋಗುತ್ತದೆ. ಹುಡುಕಿದರೆ ಸಿಗುವುದಿಲ್ಲ. ‘ನಾನು ಮರೆತೆ’ ಅಂತ ಅನ್ನಿಸುವುದಿಲ್ಲ, ಯಾಕೆಂದರೆ ಇಟ್ಟ ನೆನಪೇ ಇಲ್ಲವಲ್ಲ. ಹಾಗಿದ್ದರೆ ಯಾರೋ ತೆಗೆದಿರಬೇಕು. ಯಾರು? ದಿನವಿಡೀ ಮನೆಯಲ್ಲಿ ಇರುವವರು. ಅಂದರೆ ಸೊಸೆ, ಇಲ್ಲವೇ ಮನೆಗೆಲಸದವರು. ಯಾರು ಹೆಚ್ಚು ನೋಡಿಕೊಳ್ಳುತ್ತಾರೋ ಅವರ ಮೇಲೇ ಕಳ್ಳತನದ ಆರೋಪ. ಇದನ್ನು ಅತ್ತೆ ಪಕ್ಕದ ಮನೆಯವರ ಹತ್ತಿರವೂ ಹೇಳುತ್ತಾರೆ, ಬಹಳ ನಂಬುವಂತೆ ಹೇಳುತ್ತಾರೆ. ವಿಷಯ ಗೊತ್ತಿಲ್ಲದ ಪಕ್ಕದ ಮನೆಯವರು ‘ಪಾಪ, ಸೊಸೆ ಎಷ್ಟು ಹಿಂಸೆ ಕೊಡ್ತಾಳೋ’ ಅಂತ ಬೀದಿಗೆಲ್ಲ ಹಬ್ಬಿಸುತ್ತಾರೆ. ಗೊತ್ತಿದ್ದವರು ‘ಹೌದಾ ಅಮ್ಮ, ಬನ್ನಿ ಹುಡುಕೋಣ’ ಅಂತ ಜೊತೆಗೆ ಹೋಗುತ್ತಾರೆ. ಕಾಯಿಲೆ ಎರಡು ಕಡೆಯೂ ಅದೇ.

ಬೇರೆ ಊರಿನಲ್ಲಿ, ಬೇರೆ ದೇಶದಲ್ಲಿ ಇರುವ ಮಕ್ಕಳದು ಇನ್ನೊಂದು ತೊಡಕು. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಅಪ್ಪ ಚೆನ್ನಾಗಿಯೇ ಮಾತಾಡುತ್ತಾರೆ. ‘ಊಟ ಆಯ್ತಾ, ಮಳೆ ಬಂತಾ, ಮಗು ಹೇಗಿದೆ’ ಅನ್ನುವ ಮಾತುಗಳಿಗೆ ಹೊಸ ನೆನಪು ಬೇಕಿಲ್ಲ. ಹತ್ತು ನಿಮಿಷ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ನಿಭಾಯಿಸುವವರೂ ಇದ್ದಾರೆ. ಹಾಗಾಗಿ ಡಲ್ಲಾಸಿನಲ್ಲಿರುವ ಮಗನಿಗೆ ಇಲ್ಲಿರುವ ಅಕ್ಕ ವಿಷಯವನ್ನು ದೊಡ್ಡದು ಮಾಡುತ್ತಿದ್ದಾಳೆ ಅನ್ನಿಸುತ್ತದೆ. ನನ್ನ ಮಾತು ಇಷ್ಟೇ: ಹತ್ತು ನಿಮಿಷ ನೋಡಿದವರು ಇಪ್ಪತ್ತನಾಲ್ಕು ಗಂಟೆ ನೋಡುವವರ ಮಾತನ್ನು ನಂಬಬೇಕು.

ಇನ್ನು ನಮ್ಮ ನೆಂಟರ ಒಂದು ಅಭ್ಯಾಸ. ಹಬ್ಬಕ್ಕೆ ಬಂದವರೆಲ್ಲ ಅಜ್ಜಿಯ ಮುಂದೆ ಕೂತು ‘ನಾನ್ಯಾರು ಹೇಳು ನೋಡೋಣ? ಗುರುತು ಸಿಕ್ತಾ?’ ಅಂತ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುವುದು. ಆದರೆ ಅದು ಪರೀಕ್ಷೆ, ಅದೂ ಎಲ್ಲರೆದುರು ಫೇಲಾಗುವ ಪರೀಕ್ಷೆ. ‘ಅಜ್ಜಿ, ನಾನು ಸುಮ, ನಿಮ್ಮ ತಂಗಿಯ ಮೊಮ್ಮಗಳು, ಹಾಸನದಿಂದ ಬಂದೆ’ ಅಂದರೆ ಕೆಲಸ ಮುಗಿಯಿತು. ಅಮೆರಿಕದ ಅಯೋವ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಲ್ಜೈಮರ್ ಇರುವವರಿಗೆ ದುಃಖದ, ನಗುವಿನ ಸಿನಿಮಾ ತುಣುಕು ತೋರಿಸಿದರು. ಏನು ನೋಡಿದೆವು ಅನ್ನುವುದು ಬೇಗ ಮರೆತುಹೋಯಿತು. ನೋಡಿದಾಗ ಆದ ದುಃಖ, ಸಂತೋಷ ಮಾತ್ರ ಆಮೇಲೂ ಉಳಿದಿತ್ತು. ನೀವು ಬಂದು ಹೋದದ್ದು ಅಜ್ಜಿಗೆ ಸಂಜೆಗೆ ನೆನಪಿರಲಿಕ್ಕಿಲ್ಲ. ನಿಮ್ಮಿಂದಾದ ಅವಮಾನವೋ ಸಮಾಧಾನವೋ ಸಂಜೆಗೂ ಇದ್ದೀತು.

ಎಲ್ಲ ಮರೆವೂ ಇದಲ್ಲ

ಅರಿವು ಮೂಡಿಸಬೇಕು ಅನ್ನುವುದಕ್ಕೆ ಮೊದಲ ಕಾರಣ ತೀರಾ ಸರಳ. ಡಿಮೆನ್ಶಿಯಾದಂತೆ ಕಾಣುವ ಕೆಲವು ತೊಂದರೆಗಳಿಗೆ ಚಿಕಿತ್ಸೆ ಇದೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಕಡಿಮೆಯಾಗುವುದು, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳ ಪ್ರಭಾವ, ಎಂದೋ ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡಿರುವುದು. ಇವುಗಳಲ್ಲಿ ಯಾವುದಿದ್ದರೂ ಮಂಕು ಕವಿಯುತ್ತದೆ, ಹೊತ್ತಿಗೆ ಸರಿಯಾಗಿ ಕಂಡುಹಿಡಿದರೆ ಬಹಳಷ್ಟು ತಿಳಿಯಾಗುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ ಅದು ಡಿಮೆನ್ಶಿಯಾದ ರೀತಿಯಲ್ಲ. ಮೂತ್ರದ ಸೋಂಕೋ, ಉಪ್ಪಿನಂಶ ಇಳಿದದ್ದೋ, ಪಾರ್ಶ್ವವಾಯುವೋ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಸುಮ್ನೆ ‘ವಯಸ್ಸಾಯ್ತು’ ಅಂತ ಕೂತರೆ ಇವೆಲ್ಲ ಕೈತಪ್ಪುತ್ತವೆ.

ಅಲ್ಜೈಮರ್ ಅಂತಲೇ ಗೊತ್ತಾದರೆ ಪೂರ್ತಿ ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ. ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲವರಿಗೆ ಕೆಲವು ಕಾಲ ಸ್ವಲ್ಪ ಆಸರೆಯಾಗುತ್ತವೆ, ಅಷ್ಟೇ. ಹೊಸ ಇಂಜೆಕ್ಷನ್‌ಗಳು ತೀರಾ ಆರಂಭದ ಹಂತದವರಿಗೆ ಮಾತ್ರ, ಅವೂ ಕಾಯಿಲೆಯ ವೇಗವನ್ನು ತುಸು ತಗ್ಗಿಸುತ್ತವೆ. ಔಷಧಿ ಮಾಡಲಾಗದ್ದನ್ನು ಸುತ್ತಲಿನವರು ಮಾಡಬೇಕಾಗಿ ಬರುವುದು ಇದಕ್ಕೇ.

ತಪಾಸಣೆಯಲ್ಲಿ ನಮ್ಮದೇ ಆದ ಕಷ್ಟವೊಂದಿತ್ತು. ಪ್ರಪಂಚದಲ್ಲೆಲ್ಲ ಬಳಸುವ ಪರೀಕ್ಷೆಗಳಲ್ಲಿ ವಾಕ್ಯ ಬರೆಯಿರಿ, ಇಂಗ್ಲಿಷ್ ಪದವನ್ನು ಹಿಂದುಮುಂದಾಗಿ ಹೇಳಿ, ಚಿತ್ರ ನೋಡಿ ಬರೆಯಿರಿ ಅಂತೆಲ್ಲ ಇರುತ್ತವೆ. ಶಾಲೆಯ ಮೆಟ್ಟಿಲೇ ಹತ್ತದ ರೈತ ಮಹಿಳೆಗೆ ಇದನ್ನು ಕೊಟ್ಟರೆ ಆಕೆಯ ನೆನಪು ಎಷ್ಟೇ ಗಟ್ಟಿಯಿದ್ದರೂ ಫೇಲ್. ಓದುಬರಹ ಬಾರದವರಿಗೆಂದೇ ಹಿಂದಿಯಲ್ಲಿ ಪರೀಕ್ಷೆಯೊಂದು ತೊಂಬತ್ತರ ದಶಕದಲ್ಲಿ ತಯಾರಾಯಿತು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳ ಗುಚ್ಛವೊಂದನ್ನು ರೂಪಿಸಿತು, ಅದರಲ್ಲಿ ಕನ್ನಡವೂ ಇದೆ.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಅಷ್ಟು ದೂರ ಹೋಗಲಾಗದವರಿಗೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ ಇದೆ. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿದವು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ಮರೆವು, ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವುಗಳನ್ನು ಗುರುತಿಸುವ ತರಬೇತಿ ಕೊಡುವುದು ಅದರ ಉದ್ದೇಶ. ಫೋನಿನಲ್ಲೇ ಕನ್ನಡದಲ್ಲಿ ಮಾತಾಡಬೇಕಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567.

ದೊಡ್ಡ ಲೆಕ್ಕ, ಸಣ್ಣ ಪ್ರಯೋಗ

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದ ನೂರು ಜನರಲ್ಲಿ 7.4 ಜನಕ್ಕೆ ಡಿಮೆನ್ಶಿಯಾ ಇದೆ. ಒಟ್ಟು ಸುಮಾರು 88 ಲಕ್ಷ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ‘ಇದೆಲ್ಲ ಬೆಂಗಳೂರಿನ ಓದಿದವರ ಕಾಯಿಲೆ’ ಅನ್ನುವವರು ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಬೇಕು. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿರುವುದು ಸುಮ್ನೆ ಅಲ್ಲ. ಹಳ್ಳಿಯ ಮೆದುಳಿಗೆ ವಯಸ್ಸಾಗುವುದು ಹೇಗೆ ಅನ್ನುವುದರ ಬಗ್ಗೆ ಪ್ರಪಂಚದ ಹತ್ತಿರ ಮಾಹಿತಿಯೇ ಕಡಿಮೆ.

ಹೀಗಿದ್ದರೂ ಡಿಮೆನ್ಶಿಯಾಗೆಂದೇ ಇರುವ ಆರೈಕೆ ಕೇಂದ್ರಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲಿವೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ. 1992ರಲ್ಲಿ ಕೇರಳದಲ್ಲಿ ಹುಟ್ಟಿದ ಎಆರ್‌ಡಿಎಸ್‌ಐ (ಅಲ್ಜೈಮರ್ ಮತ್ತು ಸಂಬಂಧಿತ ಕಾಯಿಲೆಗಳ ಭಾರತೀಯ ಸಂಘ) ಸಂಸ್ಥೆಯ ಶಾಖೆಯೂ ಇದೆ. ಆದರೆ ಯಾದಗಿರಿಯ ಹಳ್ಳಿಯ ಮನೆಗೆ ಇವು ಹೇಗೆ ತಲುಪಬೇಕು?

ಈ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉತ್ತರ ಕಾರವಾರದ ಆಚೆಗೇ ಇರುವ ಗೋವಾದ್ದು. ಅಮಿತ್ ಡಯಾಸ್, ವಿಕ್ರಂ ಪಟೇಲ್ ಎಂಬ ವೈದ್ಯರು ಮತ್ತು ಸಂಗಡಿಗರು ಅಲ್ಲಿ ಒಂದು ಪ್ರಯೋಗ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಮನೆಗೆ ಹೋಗಲು ಅವರು ಆರಿಸಿಕೊಂಡದ್ದು ಡಾಕ್ಟರನ್ನೂ ಅಲ್ಲ, ನರ್ಸನ್ನೂ ಅಲ್ಲ. ಸ್ಥಳೀಯ ಭಾಷೆ ಬಲ್ಲ ಸಾಮಾನ್ಯ ಜನರನ್ನು. ಅವರಿಗೆ ಒಂದು ವಾರದ ತರಬೇತಿ, ಹಿಂದೆ ಒಬ್ಬ ಮನೋವೈದ್ಯರ ಬೆಂಬಲ. 81 ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ಆರು ತಿಂಗಳು ಇವರು ಹೋಗಿ ಬಂದರು. ಇನ್ನೊಂದು ಗುಂಪಿಗೆ ಮಾಹಿತಿ ಮಾತ್ರ ಕೊಟ್ಟರು.

ಹೋದವರು ಮಾಡಿದ್ದೇನು? ಕಾಯಿಲೆ ಏನು ಅಂತ ವಿವರಿಸಿದರು. ಸ್ನಾನಕ್ಕೆ ಬರಲು ಒಲ್ಲೆ ಅಂದರೆ ಹೇಗೆ, ರಾತ್ರಿ ಎದ್ದು ಓಡಾಡಿದರೆ ಹೇಗೆ ಅಂತ ಕೂತು ಮಾತಾಡಿದರು. ಬೇಕಾದವರಿಗೆ ಡಾಕ್ಟರನ್ನು ತೋರಿಸಲು ನೆರವಾದರು. ಸರ್ಕಾರದ ಸೌಲಭ್ಯ ಪಡೆಯಲು, ನೋಡಿಕೊಳ್ಳುವವರು ಒಬ್ಬರಿಗೊಬ್ಬರು ಪರಿಚಯವಾಗಲು ದಾರಿ ಮಾಡಿದರು. ಕೊನೆಯಲ್ಲಿ ಅಳೆದು ನೋಡಿದರೆ ನೋಡಿಕೊಳ್ಳುವವರ ಮಾನಸಿಕ ಹಿಂಸೆ ನಿಜವಾಗಿಯೂ ಇಳಿದಿತ್ತು. ರೋಗಿಯ ಹಟ, ಕೂಗಾಟ ಅಷ್ಟಾಗಿ ಬದಲಾಗಿರಲಿಲ್ಲ. ಅದನ್ನು ಸಹಿಸುವ ಶಕ್ತಿ ಬದಲಾಗಿತ್ತು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಹಳ್ಳಿಹಳ್ಳಿಯಲ್ಲೂ ಆಶಾ ಕಾರ್ಯಕರ್ತೆಯರಿರುವ ರಾಜ್ಯ ನಮ್ಮದು. ಅವರ ಮೇಲೆ ಈಗಾಗಲೇ ಕೆಲಸದ ಹೊರೆ ಜಾಸ್ತಿ, ಕೈಗೆ ಬರುವ ದುಡ್ಡು ಕಡಿಮೆ. ಇನ್ನೊಂದು ಹೊರೆ ಹೊರಿಸುವುದಾದರೆ ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು ಅನ್ನುವುದು ಬೇರೆ ಮಾತು. ಆದರೆ ಒಂದು ವಾರದ ತರಬೇತಿಯಿಂದ ಇಷ್ಟು ಆಗುತ್ತದೆ ಅನ್ನುವುದಕ್ಕೆ ಪುರಾವೆ ಪಕ್ಕದ ರಾಜ್ಯದಲ್ಲೇ ಇದೆ.

ಬೀದಿಗೂ ತಾಲೀಮು ಬೇಕು

ಜಪಾನಿನ ಓಬು ಎಂಬ ಊರಿನಲ್ಲಿ 2007ರಲ್ಲಿ 91 ವರ್ಷದ ಒಬ್ಬ ಹಿರಿಯರು ಮನೆಯಿಂದ ಹೊರಗೆ ಹೋಗಿ ರೈಲಿಗೆ ಸಿಕ್ಕಿ ತೀರಿಕೊಂಡರು. ಅವರಿಗೆ ಡಿಮೆನ್ಶಿಯಾ ಇತ್ತು. ನೋಡಿಕೊಳ್ಳುತ್ತಿದ್ದ ಹೆಂಡತಿಗೇ 85 ವರ್ಷ, ಅವರು ಕೆಲವು ನಿಮಿಷ ತೂಕಡಿಸಿದ್ದರು. ರೈಲು ತಡವಾಗಿ ಆದ ನಷ್ಟ ತುಂಬಿಕೊಡಿ ಅಂತ ರೈಲ್ವೆ ಕಂಪನಿ ಕುಟುಂಬದ ಮೇಲೆ ದಾವೆ ಹೂಡಿತು. 2013ರಲ್ಲಿ ಕೆಳಗಿನ ಕೋರ್ಟು ಸುಮಾರು 72 ಲಕ್ಷ ಯೆನ್ ಕಟ್ಟಿ ಅಂದಿತು. ದೇಶದಲ್ಲೆಲ್ಲ ದೊಡ್ಡ ಚರ್ಚೆಯಾಯಿತು. ಹಾಗಾದರೆ ಮುದುಕರನ್ನು ಕೂಡಿ ಹಾಕಬೇಕೇ ಅಂತ ಜನ ಕೇಳಿದರು. 2016ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು.

ಅದೇ ಜಪಾನಿನಲ್ಲಿ ಓಮುತಾ ಅಂತ ಇನ್ನೊಂದು ಊರಿದೆ. ಒಂದು ಕಾಲದ ಕಲ್ಲಿದ್ದಲು ಗಣಿಯ ಊರು. ಗಣಿ ಮುಚ್ಚಿ ಈಗ ವಯಸ್ಸಾದವರೇ ಹೆಚ್ಚು. 2004ರಿಂದ ಅಲ್ಲಿ ಒಂದು ತಾಲೀಮು ನಡೆಯುತ್ತದೆ. ಒಬ್ಬರು ದಾರಿ ತಪ್ಪಿದ ಹಿರಿಯರಂತೆ ಊರೊಳಗೆ ನಡೆಯುತ್ತಾರೆ. ಅವರ ಚಹರೆಯ ವಿವರ ಪೊಲೀಸರಿಂದ ಅಂಚೆಯವರಿಗೆ, ಟ್ಯಾಕ್ಸಿಯವರಿಗೆ, ಅಂಗಡಿಗಳಿಗೆ, ಬಡಾವಣೆಯವರಿಗೆ ಹೋಗುತ್ತದೆ. ಕಂಡವರು ಹೋಗಿ ಮಾತಾಡಿಸಬೇಕು. ಅಪರಿಚಿತ ಮುದುಕರೊಬ್ಬರನ್ನು ನಡುಬೀದಿಯಲ್ಲಿ ಮಾತಾಡಿಸುವುದಕ್ಕೆ ಸಂಕೋಚ ಎಲ್ಲರಿಗೂ ಇರುತ್ತದೆ ಅಲ್ವಾ? ಆ ಸಂಕೋಚ ಮುರಿಯುವುದೇ ತಾಲೀಮಿನ ಮುಖ್ಯ ಪಾಠ. ಇದಲ್ಲದೆ 2005ರಿಂದ ದೇಶದಾದ್ಯಂತ ಒಂದೂವರೆ ಗಂಟೆಯ ಪಾಠವೊಂದನ್ನು ಬ್ಯಾಂಕು, ಶಾಲೆ, ಅಂಗಡಿಗಳಲ್ಲಿ ಮಾಡುತ್ತಾ ಬಂದಿದ್ದಾರೆ. ಮುಗಿಸಿದವರು ಒಂದು ಕೋಟಿಗೂ ಹೆಚ್ಚು. ಬ್ರಿಟನ್ 2013ರಲ್ಲಿ ಇದೇ ಮಾದರಿಯನ್ನು ತನ್ನದಾಗಿಸಿಕೊಂಡಿತು.

ನಮ್ಮ ಬೀದಿಯಲ್ಲಿ ಇದರ ರೂಪ ಬೇರೆ. ನಮ್ಮಲ್ಲಿ ಬೀದಿಯೇ ಎಲ್ಲವನ್ನೂ ನೋಡುತ್ತಿರುತ್ತದೆ, ಒಮ್ಮೊಮ್ಮೆ ಬೇಕಾದ್ದಕ್ಕಿಂತ ಜಾಸ್ತಿಯೇ. ಆ ಕಣ್ಣಿಗೆ ಮಾಹಿತಿ ಕೊಟ್ಟರೆ ಸಾಕು. ಹಾಲಿನವರಿಗೆ, ಕಿರಾಣಿ ಅಂಗಡಿಯವರಿಗೆ, ಆಟೊ ಸ್ಟ್ಯಾಂಡಿಗೆ, ಅಪಾರ್ಟ್‌ಮೆಂಟ್ ಆದರೆ ಸೆಕ್ಯುರಿಟಿಯವರಿಗೆ ಫೋಟೊ ತೋರಿಸಿ ಹೇಳಬೇಕಾದ್ದು ಎರಡೇ ವಾಕ್ಯ. ‘ನಮ್ಮ ಮಾವನಿಗೆ ಮರೆವಿನ ಕಾಯಿಲೆ ಇದೆ. ಒಬ್ಬರೇ ಹೋಗ್ತಿದ್ರೆ ಮಾತಾಡಿಸಿ ಕೂರಿಸಿಕೊಳ್ಳಿ, ಈ ನಂಬರಿಗೆ ಫೋನ್ ಮಾಡಿ.’ ಕಿರಾಣಿ ಅಂಗಡಿಯ ಕಷ್ಟ ಇನ್ನೂ ಬೇರೆ ಥರದ್ದು. ದಿನಕ್ಕೆ ಮೂರು ಸಲ ಬಂದು ಅದೇ ಸಕ್ಕರೆ ಕೊಳ್ಳುತ್ತಾರೆ, ಅಥವಾ ದುಡ್ಡು ಕೊಡದೆ ಹೊರಡುತ್ತಾರೆ. ಮೊದಲೇ ಗೊತ್ತಿದ್ದರೆ ಅಂಗಡಿಯವರು ಪುಸ್ತಕದಲ್ಲಿ ಬರೆದುಕೊಂಡು ಸಂಜೆ ಮಗನಿಗೆ ಹೇಳುತ್ತಾರೆ. ಇಲ್ಲದಿದ್ದರೆ ‘ಕಳ್ಳತನ’ ಅಂತ ಗಲಾಟೆಯಾಗುತ್ತದೆ.

ಬೀದಿಯಲ್ಲಿ ಇಂಥವರು ಸಿಕ್ಕರೆ ಹಿಂದಿನಿಂದ ಕೈ ಹಿಡಿದು ಎಳೆಯಬಾರದು. ಎದುರಿಗೆ ಹೋಗಿ, ಒಬ್ಬರೇ ಮಾತಾಡಿಸಬೇಕು. ಹತ್ತು ಜನ ಸುತ್ತುವರಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ‘ನಿಮ್ಮ ಮನೆ ಎಲ್ಲಿ, ಹೆಸರೇನು, ಫೋನ್ ನಂಬರೇನು’ ಅಂತ ಸಾಲಾಗಿ ಕೇಳಬೇಡಿ. ‘ಬಿಸಿಲು ಜಾಸ್ತಿ ಅಜ್ಜ, ಬನ್ನಿ ನೆರಳಲ್ಲಿ ಕೂರೋಣ, ಒಂದು ಕಾಫಿ ಕುಡಿಯೋಣ’ ಅಂದರೆ ಬರುತ್ತಾರೆ. ಕೂತ ಮೇಲೆ ಜೇಬಿನಲ್ಲಿ ಚೀಟಿ ಇದೆಯಾ ನೋಡಿ, ಇಲ್ಲದಿದ್ದರೆ 112ಕ್ಕೆ ಕರೆ ಮಾಡಿ. ಕನ್ನಡ ಬಾರದೆ ತುಳುವನ್ನೋ ತೆಲುಗನ್ನೋ ಮಾತಾಡಿದರೆ ಆ ಭಾಷೆಯವರನ್ನು ಕರೆಸಿ. ಆಮೇಲೆ ಕಲಿತ ಭಾಷೆ ಜಾರಿ ಹೋಗಿ ತಾಯಿಯ ಭಾಷೆ ಮಾತ್ರ ಉಳಿಯುವುದು ಬಹಳ ಜನರಲ್ಲಿ ಕಂಡಿದೆ.

ಎಲ್ಲರಿಗೂ ಹೇಳಿಬಿಡಿ ಅಂತ ನಾನು ಹೇಳುತ್ತಿಲ್ಲ. ಮರೆವಿನ ಹಿರಿಯರು, ಕೈಯಲ್ಲಿ ಉಂಗುರ, ಹೆಸರಿನಲ್ಲಿ ಸೈಟು. ಇದು ಗೊತ್ತಾದರೆ ನಯವಾಗಿ ಮಾತಾಡಿ ಸಹಿ ಹಾಕಿಸಿಕೊಳ್ಳುವವರೂ ಬರುತ್ತಾರೆ, ಕೆಲವೊಮ್ಮೆ ಸ್ವಂತ ನೆಂಟರೇ. ಯಾರಿಗೆ ಹೇಳಬೇಕು ಅನ್ನುವುದನ್ನು ಕಾಯಿಲೆ ಇರುವವರನ್ನೇ ಕೇಳುವುದು ಒಳ್ಳೆಯದು. ಆರಂಭದ ಹಂತದಲ್ಲಿ ಅವರಿಗೆ ಎಲ್ಲ ಅರ್ಥವಾಗುತ್ತದೆ. ತಮ್ಮನ್ನು ಕೇಳದೆ ತಮ್ಮೆದುರೇ ತಮ್ಮ ಬಗ್ಗೆ ಬೇರೆಯವರು ಮಾತಾಡುವುದು ಯಾರಿಗೂ ಹಿಡಿಸುವುದಿಲ್ಲ. ‘ಭಜನೆ ಗುಂಪಿನವರಿಗೆ ನಾನೇ ಹೇಳ್ತೀನಿ’ ಅನ್ನುವವರೂ ಇದ್ದಾರೆ. ಮನೆಯ ಹೆಣ್ಣುಮಗಳ ಮದುವೆಗೆ ಅಡ್ಡಿಯಾಗುತ್ತದೆ ಅಂತ ಮುಚ್ಚಿಡುವವರಿಗೆ ಒಂದು ಮಾತು. ಇಳಿವಯಸ್ಸಿನಲ್ಲಿ ಬರುವ ಅಲ್ಜೈಮರ್ ಬಹುಪಾಲು ನೇರವಾಗಿ ವಂಶದಲ್ಲಿ ಇಳಿದು ಬರುವುದಲ್ಲ. ಹಾಗೆ ಇಳಿಯುವ ಬಗೆ ಅಪರೂಪ, ಅದು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ.

ಕಾಗದಪತ್ರದ ಕೆಲಸವನ್ನು ಇದೇ ಆರಂಭದ ಹಂತದಲ್ಲಿ ಮುಗಿಸಬೇಕು. ‘ಜಿಪಿಎ (ಅವರ ಪರವಾಗಿ ವ್ಯವಹಾರ ನಡೆಸುವ ಅಧಿಕಾರಪತ್ರ) ಮಾಡಿಸಿಟ್ಟಿದ್ದೀವಿ, ಏನೂ ತೊಂದರೆಯಿಲ್ಲ’ ಅಂತ ಬಹಳ ಜನ ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ನಮ್ಮ ಕರಾರು ಕಾಯ್ದೆಯಂತೆ, ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತದಲ್ಲಿ ಇಲ್ಲದಂತಾದರೆ ಆ ಅಧಿಕಾರಪತ್ರವೂ ಮುಗಿಯುತ್ತದೆ. ಯಾವಾಗ ಬೇಕೋ ಆಗಲೇ ಅದು ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಪಾಲಕರ ನೇಮಕಕ್ಕೆ ಕೋರ್ಟಿಗೆ ಅಲೆಯಬೇಕು. ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಜಂಟಿ ಮಾಡಿಸುವುದು, ನಾಮಿನಿ ಹೆಸರು ಸರಿಪಡಿಸುವುದು, ಉಯಿಲು ಬರೆಸುವುದಾದರೆ ಡಾಕ್ಟರ ಸರ್ಟಿಫಿಕೇಟಿನ ಸಮೇತ ಬರೆಸುವುದು, ಇವೆಲ್ಲ ಅವರಿಗೆ ಅರ್ಥವಾಗುವ ಕಾಲದಲ್ಲೇ ಆಗಬೇಕು.

ಇನ್ನೂ ಕಾಯಿಲೆ ಬಾರದವರಿಗೂ ಊರು ಮಾಡಬಹುದಾದ್ದು ಇದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಅಪಾಯಗಳನ್ನು ಪಟ್ಟಿ ಮಾಡಿತು. ಅವೆಲ್ಲ ಇಲ್ಲದಿದ್ದರೆ ಪ್ರಪಂಚದ ಡಿಮೆನ್ಶಿಯಾದಲ್ಲಿ ಸುಮಾರು 45 ಶೇಕಡದಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅನ್ನುವುದು ಅವರ ಅಂದಾಜು. ಬಿಪಿ, ಶುಗರ್, ಧೂಮಪಾನ ನಿರೀಕ್ಷಿಸಿದವೇ. ಕಿವಿ ಕೇಳದಿರುವುದು, ಕಣ್ಣಿನ ಪೊರೆಯನ್ನು ಹಾಗೇ ಬಿಡುವುದು, ಒಂಟಿತನ ಕೂಡ ಪಟ್ಟಿಯಲ್ಲಿವೆ. ‘ಈ ವಯಸ್ಸಿಗೆ ಕಿವಿ ಮೆಷಿನ್ ಯಾಕೆ’ ಅನ್ನುವ ಮನೆಗಳು ಈ ಸಾಲನ್ನು ಗಮನಿಸಲಿ. ಎರಡು ಮೂರು ಭಾಷೆ ಆಡುವ ನಮ್ಮವರಿಗೆ ಒಂದು ಸಂತೋಷದ ಸುದ್ದಿಯೂ ಇದೆ. ಈಗ ನಿಮ್ಹಾನ್ಸ್‌ನಲ್ಲಿರುವ ನರವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ತಂಡ ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಡಿಮೆನ್ಶಿಯಾ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು.

ಕೊನೆಯ ಹಂತದಲ್ಲಿ ಬೀದಿಯ ಕೆಲಸ ಬದಲಾಗುತ್ತದೆ. ಆಗ ಅವರು ಹೊರಗೆ ಹೋಗುವುದಿಲ್ಲ, ಏಳುವುದೇ ಕಷ್ಟ. ನುಂಗುವುದು ತ್ರಾಸವಾಗಿ ಊಟ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುತ್ತದೆ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬರುವವರು ನಿಲ್ಲುವುದೂ ಇದೇ ಹೊತ್ತಿಗೆ. ‘ಗುರುತೇ ಸಿಗಲ್ಲ, ಹೋಗಿ ಏನ್ಮಾಡೋದು’ ಅನ್ನುತ್ತಾರೆ. ಅವರಿಗೆ ಗುರುತು ಸಿಗದಿದ್ದರೇನು, ಪಕ್ಕದಲ್ಲಿ ನಿದ್ದೆಗೆಟ್ಟು ಕೂತ ಹೆಂಡತಿಗೆ ಗುರುತು ಸಿಗುತ್ತದಲ್ಲ. ಆಕೆಗೆ ‘ಏನಾದ್ರೂ ಬೇಕಿದ್ರೆ ಹೇಳಿ’ ಅಂದರೆ ಆಕೆ ಯಾವತ್ತೂ ಹೇಳುವುದಿಲ್ಲ. ‘ಗುರುವಾರ ಹನ್ನೊಂದರಿಂದ ಒಂದರವರೆಗೆ ನಾನು ಇಲ್ಲಿ ಕೂತಿರ್ತೀನಿ. ನೀವು ಬ್ಯಾಂಕಿಗೆ ಹೋಗಿ, ಇಲ್ಲಾಂದ್ರೆ ಒಳಗೆ ಹೋಗಿ ಮಲಗಿ’ ಅಂತ ವಾರ, ಗಂಟೆ ಹೇಳಿ. ಮಗ್ಗುಲು ಬದಲಿಸುವುದು ಹೇಗೆ ಅಂತ ಮೊದಲ ಗುರುವಾರವೇ ಆಕೆಯಿಂದ ಕಲಿತುಕೊಳ್ಳಿ.